ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಲಿಂಗ ಕಟ್ಟಿಕೊಂಡು ಹೋದದ್ದು

"ಕೊರಳು, ಕೈ, ಕಿವಿ, ಎಲ್ಲೂ ಏನೂ ಇರಬಾರದು," ಎಂದು ಪರೀಕ್ಷಕರು ಸಾಲಿನ ಆ ತುದಿಯಿಂದಲೇ ಹೇಳುತ್ತಾ ಬಂದರು.

ಜಯನಗರದ ಒಂದು ದೊಡ್ಡ ಹಾಲ್‌ನಲ್ಲಿ ನೀಲಿ ಮ್ಯಾಟ್ ಹಾಸಿ ನಮ್ಮನ್ನೆಲ್ಲ ಬರಿಗಾಲಲ್ಲಿ ನಿಲ್ಲಿಸಿದ್ದರು. ಅವತ್ತು ಟೇಕ್ವಾಂಡೋದ ಬ್ಲ್ಯಾಕ್ ಬೆಲ್ಟ್ ಪರೀಕ್ಷೆ. ಸಾಲಿನಲ್ಲಿದ್ದವರು ಕಾಲೇಜಿನ ಮಕ್ಕಳು. ಕಿವಿಯ ಪಕ್ಕ ಕೂದಲು ಬೆಳ್ಳಗಾದವಳು ನಾನೊಬ್ಬಳೇ. ಬಳೆ, ಓಲೆ, ಕಾಲುಂಗುರಗಳನ್ನು ಮನೆ ಬಿಡುವ ಮುಂಚೆಯೇ ಕರವಸ್ತ್ರದಲ್ಲಿ ಗಂಟು ಕಟ್ಟಿ ಅತ್ತೆಯ ಕೈಗೆ ಕೊಟ್ಟಿದ್ದೆ. ತಾಳಿಯನ್ನೂ ಕೊಟ್ಟಿದ್ದೆ. ಅವರು ತಾಳಿಯನ್ನು ಮಾತ್ರ ಗಂಟಿನೊಳಗೆ ಹಾಕದೆ ತಮ್ಮ ಮುಂಗೈಗೆ ಸುತ್ತಿಕೊಂಡು, ತಿಂಡಿಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಗೋಡೆಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

ಪರೀಕ್ಷಕರು ನನ್ನ ಮುಂದೆ ನಿಂತರು.

"ಕೈ ಎತ್ತಿ ಮೇಡಂ."

ಎತ್ತಿದೆ.

"ಎಡಗಡೆ ಕಂಕುಳ ಹತ್ರ ಅದೇನು ಉಬ್ಬಿರೋದು?"

"ಲಿಂಗ ಸಾರ್. ಇಷ್ಟಲಿಂಗ."

"ತೆಗ್ದಿಟ್ಟು ಬನ್ನಿ."

"ಅದನ್ನ ತೆಗೆಯೋ ಹಾಗಿಲ್ಲ ಸಾರ್."

ಅವರು ನನ್ನ ಬೋಳು ಕೊರಳು ನೋಡಿದರು. "ಮದುವೆ ಆಗಿದೆ ತಾನೆ? ತಾಳಿನೇ ತೆಗ್ದಿಟ್ಟಿದೀರ. ಇದಕ್ಕೇನಂತೆ?"

"ತಾಳಿ ಮದುವೇಲಿ ಬಂತು ಸಾರ್. ಇದು ಹುಟ್ಟಿದಾಗಿಂದ ಇದೆ."

ಪಕ್ಕದಲ್ಲಿದ್ದ ಹುಡುಗ ಕಿಸಕ್ಕೆಂದ. ನನಗೆ ನಗು ಬರಲಿಲ್ಲ. ನಮ್ಮ ಮಾಸ್ಟರ್ ಓಡಿ ಬಂದರು. ಅವರು ನನಗಿಂತ ಚಿಕ್ಕವರು. ತರಗತಿಯಲ್ಲಿ ನಾನು ಅವರಿಗೆ ತಲೆಬಾಗಿ ಸಾರ್ ಎನ್ನುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ.

"ಸಾರ್, ಅಕ್ಕ ಚಿಕ್ಕ ವಯಸ್ಸಿಂದ ಹೀಗೇ ಆಡಿರೋದು. ಬಟ್ಟೇಲಿ ಸುತ್ತಿ ಒಳಗಡೆ ಕಟ್ಟಿರ್ತಾರೆ, ಮೇಲೆ ಚೆಸ್ಟ್ ಗಾರ್ಡ್ ಬರುತ್ತೆ. ಎದುರಿಗಿರೋರಿಗೆ ತಗಲೋದೇ ಇಲ್ಲ."

ಪರೀಕ್ಷಕರು ನನ್ನ ಕಡೆ ತಿರುಗಿದರು. ಕೆಟ್ಟ ಮನುಷ್ಯರಲ್ಲ, ಕಟ್ಟುನಿಟ್ಟಿನವರು. "ಸರಿ. ಆದ್ರೆ ಕೇಳಿಸ್ಕೊಳ್ಳಿ. ಸ್ಪಾರಿಂಗ್ ನಡುವೆ ಅದು ಜರುಗಿದ್ರೆ, ಬಿಚ್ಕೊಂಡ್ರೆ, ಆಟ ಅಲ್ಲಿಗೇ ನಿಲ್ಲುತ್ತೆ. ಕಟ್ಕೊಂಡು ಬರ್ತೀನಿ, ಇನ್ನೊಂದು ಸಲ ಆಡ್ತೀನಿ ಅನ್ನೋ ಹಾಗಿಲ್ಲ. ಇವತ್ತಿನ ಬೆಲ್ಟ್ ಇವತ್ತಿಗೆ ಹೋಯ್ತು. ಒಪ್ಪಿಗೆನಾ?"

"ಒಪ್ಪಿಗೆ ಸಾರ್."

ಅವರು ಮುಂದಿನವರ ಕಡೆ ಹೋದರು. ನಾನು ಕೈ ಇಳಿಸಿದೆ. ಕಂಕುಳಲ್ಲಿ ಅದು ತಣ್ಣಗೆ ತಾಗಿತು.

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆತನ. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ಮಠದ ಅಯ್ಯನವರು ಬಂದು ಲಿಂಗ ಕಟ್ಟುತ್ತಾರೆ. ಬುದ್ಧಿ ಬಂದ ಮೇಲೆ ದೀಕ್ಷೆ ಕೊಡುತ್ತಾರೆ. ಅಲ್ಲಿಂದ ಮುಂದೆ ಅದು ಮೈ ಬಿಟ್ಟು ಇರಬಾರದು, ನೆಲ ಮುಟ್ಟಬಾರದು, ಹೊಕ್ಕುಳಿಂದ ಕೆಳಗೆ ಇಳಿಯಬಾರದು. ದಿನಾ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿ, ಬಟ್ಟೆಯಲ್ಲಿ ಸುತ್ತಿ, ಶಿವದಾರದಿಂದ ಮತ್ತೆ ಕಟ್ಟಿಕೊಳ್ಳಬೇಕು. ಈಗ ಎಲ್ಲರ ಮನೆಯಲ್ಲೂ ಇಷ್ಟು ನಡೆಸುವುದಿಲ್ಲ. ನನಗೆ ಮಾತ್ರ ಅದಿಲ್ಲದೆ ಮನೆ ಬಾಗಿಲು ದಾಟಿ ಗೊತ್ತಿಲ್ಲ.

ಜಯನಗರದ ಪಕ್ಕದ ಸಿದ್ದಾಪುರದಲ್ಲಿ ಅಪ್ಪನದು ನೋಟ್‌ಬುಕ್ಕು, ಪೆನ್ನು ಮಾರುವ ಅಂಗಡಿ. ಅದರ ಹಿಂದೆಯೇ ಮನೆ. ಚಿಕ್ಕವಳಿದ್ದಾಗ ನಾನು ಮಾತೇ ಆಡುತ್ತಿರಲಿಲ್ಲ. ಶಾಲೆಯಲ್ಲಿ ಹಾಜರಿ ಕೂಗಿದರೆ ಕೈ ಮಾತ್ರ ಎತ್ತುತ್ತಿದ್ದೆ. ಟೀಚರ್ ಅಪ್ಪನನ್ನು ಕರೆಸಿ, ಮಗುವಿಗೆ ಕಿವಿ ಸರಿಯಿದೆಯೇ ಎಂದು ಕೇಳಿದರು. ಆ ವಾರವೇ ಅಪ್ಪ, ಅಂಗಡಿಗೆ ಬರುವ ಗಿರಾಕಿಯೊಬ್ಬರ ಮಾತು ಕೇಳಿ, ಜಯನಗರದ ಒಂದು ಶಾಲೆಯ ಮೈದಾನದಲ್ಲಿ ಸಂಜೆ ನಡೆಯುತ್ತಿದ್ದ ಟೇಕ್ವಾಂಡೋ ತರಗತಿಗೆ ನನ್ನನ್ನು ಸೇರಿಸಿದ. ಅದು ಕೊರಿಯಾ ದೇಶದ ವಿದ್ಯೆ, ಕೈಗಿಂತ ಕಾಲಿನದೇ ಹೆಚ್ಚು ಎಂಬುದೆಲ್ಲ ನಮಗೆ ಆಮೇಲೆ ಗೊತ್ತಾಗಿದ್ದು. ಅಪ್ಪನಿಗೆ ಬೇಕಾಗಿದ್ದು ಒಂದೇ: ಅಲ್ಲಿ ಮಕ್ಕಳು ಜೋರಾಗಿ ಕಿರುಚುತ್ತಿದ್ದರು.

ಪ್ರತಿ ಒದೆಗೂ ಹೊಟ್ಟೆಯಿಂದ ಒಂದು ಕೂಗು ಬರಬೇಕು. ಬರದಿದ್ದರೆ ಆ ಒದೆ ಲೆಕ್ಕಕ್ಕಿಲ್ಲ. ನನ್ನಿಂದ ತುಂಬಾ ದಿನ ಬರಲಿಲ್ಲ. ಆಗಿನ ಮಾಸ್ಟರ್ ವಯಸ್ಸಾದವರು, ಮೀಸೆಯವರು. ಒಂದು ಸಂಜೆ ಎಲ್ಲರನ್ನೂ ಕೂರಿಸಿ ನನ್ನೊಬ್ಬಳನ್ನೇ ನಿಲ್ಲಿಸಿದರು. "ಒದಿ ಪುಟ್ಟಿ. ಕೂಗೋವರೆಗೂ ಒದೀತಾನೇ ಇರು. ನನಗೇನು, ನಮ್ಮನೇಲಿ ಯಾರೂ ಕಾಯಲ್ಲ." ಕಾಲು ಸೋತು, ಕಣ್ಣಲ್ಲಿ ನೀರು ತುಂಬಿ, ಕೊನೆಗೆ ನನ್ನ ಬಾಯಿಂದ ಬಂದದ್ದು "ಶಿವಾ!" ಎಂಬ ಕೂಗು. ಮೈದಾನವೆಲ್ಲ ನಕ್ಕಿತು. "ಹೊಟ್ಟೆಯಿಂದ ಬಂತಲ್ಲ, ಸಾಕು. ಕೊರಿಯಾದೋರು ಬೇಜಾರು ಮಾಡ್ಕೊಳಲ್ಲ," ಎಂದರು ಮಾಸ್ಟರ್. ಮರುದಿನ ಶಾಲೆಯಲ್ಲಿ ಹಾಜರಿಗೆ ಉತ್ತರ ಕೊಟ್ಟೆ. ಅಪ್ಪ ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಹೇಳಿದ.

ಲಿಂಗವನ್ನು ಆಗ ಬೆಳ್ಳಿಯ ಕರಡಿಗೆಯಲ್ಲಿಟ್ಟು ಕೊರಳಿಗೆ ಹಾಕಿಕೊಳ್ಳುತ್ತಿದ್ದೆ. ಹಳದಿ ಬೆಲ್ಟ್ ಬಂದ ಮೇಲೆ ಎದುರಾಳಿಯ ಜೊತೆ ನೇರವಾಗಿ ಆಡುವ ಸ್ಪಾರಿಂಗ್ ಶುರುವಾಯಿತು. ನಮಗೆಲ್ಲ ಸಾಲುವಷ್ಟು ಚೆಸ್ಟ್ ಗಾರ್ಡ್ ಇರಲಿಲ್ಲ. ಒಬ್ಬ ಹುಡುಗನ ಒದೆ ನೇರವಾಗಿ ಎದೆಗೆ ಬಿತ್ತು. ನೋವಿಗಿಂತ ಮೊದಲು 'ಟಣ್' ಎಂಬ ಸದ್ದು ಕೇಳಿಸಿತು. ಕರಡಿಗೆ ನೆಗ್ಗಿಹೋಗಿತ್ತು. ಅದನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು ಮೈದಾನದಿಂದ ಮನೆವರೆಗೂ ಓಡಿದೆ. ತೆರೆದು ನೋಡುವ ಧೈರ್ಯ ದಾರಿಯಲ್ಲೆಲ್ಲೂ ಬರಲಿಲ್ಲ.

ಅಮ್ಮ ಒಲೆ ಆರಿಸಿ, ಕೈ ತೊಳೆದು, ಮಣೆಯ ಮೇಲೆ ಕೂತಳು. ಮುಚ್ಚಳ ಸಿಕ್ಕಿಕೊಂಡಿತ್ತು. ಅಪ್ಪ ಅಂಗಡಿಯಿಂದ ಸ್ಕ್ರೂ ಡ್ರೈವರ್ ತಂದ. ಅವನು ಮೀಟುತ್ತಿದ್ದಾಗ ಅಮ್ಮ ಬೇರೆ ಕಡೆ ಮುಖ ತಿರುಗಿಸಿಕೊಂಡಿದ್ದಳು. ಲಿಂಗ ಒಡೆದಿದ್ದರೆ ಏನಾಗುತ್ತದೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮಠಕ್ಕೆ ಹೋಗಬೇಕು, ಹೊಸದಾಗಿ ಕಟ್ಟಿಸಿಕೊಳ್ಳಬೇಕು, ಹಳೆಯ ಕಾಲದವರು ಲಿಂಗ ಹೋದರೆ ಪ್ರಾಣವನ್ನೇ ಬಿಡುತ್ತಿದ್ದರು ಎಂಬುದನ್ನು ಕೇಳಿ ತಿಳಿದಿದ್ದೆ. ಮುಚ್ಚಳ ಬಂತು. ಲಿಂಗ ಹಾಗೇ ಇತ್ತು.

"ನಾಳೆಯಿಂದ ಬೇಡ," ಎಂದ ಅಪ್ಪ.

ಬೇಡ ಎನ್ನುವವಳು ಅಮ್ಮನೇ ಎಂದುಕೊಂಡಿದ್ದೆ. ಅವಳು ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತುತ್ತಾ, "ಈಗ ತಾನೆ ಬಾಯಿ ಬಿಟ್ಟಿದೆ ಮಗು. ನಮ್ಮಮ್ಮ ಬಾವಿ ಸೇದುವಾಗ ಕಂಕುಳಲ್ಲಿ ಕಟ್ಕೊಳ್ಳೋಳು. ಶಿವನಿಗೆ ಅಲ್ಲೂ ಜಾಗ ಇದೆ," ಎಂದಳು. ದಾರವನ್ನು ಬಲ ಭುಜದ ಮೇಲಿಂದ ತಂದು, ಎಡ ಕಂಕುಳ ಕೆಳಗೆ ಲಿಂಗ ಕೂರುವಂತೆ ಬೆನ್ನಿನ ಮೇಲೆ ಗಂಟು ಹಾಕಿ ತೋರಿಸಿದಳು. ಅವತ್ತಿನಿಂದ ನನ್ನ ಎಡ ಮೊಣಕೈ ಪಕ್ಕೆಗೆ ಹತ್ತಿರವೇ ಇರುವುದನ್ನು ಕಲಿಯಿತು. ಹಸಿರು, ನೀಲಿ, ಕೆಂಪು ಬೆಲ್ಟುಗಳೆಲ್ಲ ಹಾಗೇ ಬಂದವು.

ಕೆಂಪು ಬೆಲ್ಟ್‌ನಲ್ಲಿದ್ದಾಗ ಮದುವೆಯಾಗಿ ಜೆ.ಪಿ. ನಗರಕ್ಕೆ ಬಂದೆ. ಬೆಲ್ಟು ಸೀರೆಗಳ ಅಡಿಯಲ್ಲಿ ಬಂತು. ಬೀರು ಜೋಡಿಸುವಾಗ ಅತ್ತೆ ಅದನ್ನು ಎಳೆದು ನೋಡಿ, "ಇದೇನು, ನಿಮ್ಮ ಸಿದ್ದಾಪುರದಲ್ಲಿ ಲಂಗಕ್ಕೆ ಇಷ್ಟು ದಪ್ಪ ಲಾಡಿ ಹಾಕ್ತಾರಾ?" ಎಂದರು. ಏನೆಂದು ಹೇಳಿದೆ. ಅವರು ಮಗನನ್ನು ಕೂಗಿ, "ಹುಷಾರು ಕಣಪ್ಪ, ಕಾಲು ಉದ್ದ ಇರೋಳ್ನ ತಂದಿದೀವಿ," ಎಂದರು. ನಮ್ಮ ಮನೆಯವರು ನಕ್ಕು ಆಫೀಸಿಗೆ ಹೊರಟರು. ಅಲ್ಲಿಗೆ ಆ ಮಾತು ನಿಂತಿತು.

ಆಮೇಲೆ ಮಗಳು, ಅಡುಗೆ, ಮಾವನವರ ಕಾಯಿಲೆ. ಮಾವ ತೀರಿಹೋದ ವರ್ಷ ನಾನು ಟೆರೇಸಿನಲ್ಲಿ ಬಟ್ಟೆ ಒಣಗಿಸುವ ನೆಪದಲ್ಲಿ ಹಳೆಯ ಪೂಮ್ಸೆಗಳನ್ನು ಮಾಡುತ್ತಿದ್ದೆ. ಪೂಮ್ಸೆ ಎಂದರೆ ಎದುರಿಗೆ ಯಾರೂ ಇಲ್ಲದೆ, ಇದ್ದಾರೆಂದು ತಿಳಿದು, ಕ್ರಮವಾಗಿ ಮಾಡುವ ಹೊಡೆತ, ತಡೆಗಳ ಸಾಲು. ಸೀರೆ ಎತ್ತಿ ಸಿಕ್ಕಿಸಿಕೊಂಡು ಮಾಡುತ್ತಿದ್ದೆ. ಕಲಿತದ್ದು ಮೈಗೆ ಮರೆತಿರಲಿಲ್ಲ. ಅಷ್ಟು ಸಾಕಿತ್ತು ನನಗೆ.

ಮಗಳನ್ನು ಹತ್ತಿರದ ತರಗತಿಗೆ ಸೇರಿಸಿದಾಗ ಹೊರಗೆ ಚಪ್ಪಲಿಗಳ ಪಕ್ಕ ಕೂತು ಕಾಯುತ್ತಿದ್ದೆ. ಒಂದು ದಿನ ಅವಳು ಹಿಂದಿನ ಕಾಲನ್ನು ತಪ್ಪಾಗಿ ಇಟ್ಟಾಗ ತಡೆಯಲಾರದೆ, "ಹಿಮ್ಮಡಿ ತಿರುಗಿಸು," ಎಂದುಬಿಟ್ಟೆ. ಆ ಚಿಕ್ಕ ವಯಸ್ಸಿನ ಮಾಸ್ಟರ್ ಹೊರಗೆ ಬಂದು, "ಅಕ್ಕ, ನೀವು ಕಲ್ತಿದೀರಾ? ಮತ್ತೆ ಹೊರಗೆ ಕೂತು ಏನ್ ಮಾಡ್ತಿದೀರ?" ಎಂದರು. ಮರುದಿನದಿಂದ ನಾನೂ ಸೇರಿದೆ. ಮಗಳು ಎರಡು ವರ್ಷಕ್ಕೆ ಬೇಜಾರಾಗಿ ಬಿಟ್ಟಳು. ನಾನು ಬಿಡಲಿಲ್ಲ.

ಅತ್ತೆಯ ಮಾತುಗಳು ಇದ್ದೇ ಇದ್ದವು. ಪಕ್ಕದ ಮನೆಯವರು ಕೇಳಿದರೆ, "ನಮ್ಮ ಸೊಸೆ ಒದೆಯೋಕೆ ಹೋಗಿದಾಳೆ, ಬರ್ತಾಳೆ ಕೂತ್ಕೊಳ್ಳಿ," ಎನ್ನುತ್ತಿದ್ದರು. ಆದರೆ ಒಮ್ಮೆ ನನ್ನನ್ನು ದೇವರ ಮನೆಯ ಮುಂದೆ ನಿಲ್ಲಿಸಿ, ತಮಾಷೆಯಿಲ್ಲದೆ ಹೇಳಿದರು: "ಒದಿ, ಬೇಡ ಅನ್ನಲ್ಲ. ಲಿಂಗಕ್ಕೆ ಏನಾದ್ರೂ ಆಯ್ತೋ, ಅವತ್ತಿಗೆ ಈ ಆಟ ನಿಂತ್ಹೋಯ್ತು ಅಂತ ತಿಳ್ಕೋ. ಹೇಳಿಸ್ಕೊಬೇಡ ಮತ್ತೆ." ನಾನು ಹೂಂ ಎಂದೆ. ಅವರು ಹೇಳದಿದ್ದರೂ ನಾನು ನಿಲ್ಲಿಸುತ್ತಿದ್ದೆ. ಹಾಗಾಗಿ ಪ್ರತಿ ಸ್ಪಾರಿಂಗ್‌ಗೂ ಹೋಗುವಾಗ ನನಗೆ ಗೊತ್ತಿರುತ್ತಿತ್ತು, ಇದು ಕೊನೆಯದಾಗಬಹುದು ಎಂದು.

ಪರೀಕ್ಷೆಯ ಹಿಂದಿನ ಸಂಜೆ ನಾನು ಹಾಲಿಗೆ ಹೆಪ್ಪು ಹಾಕುತ್ತಿದ್ದಾಗ ಅತ್ತೆ ಒಂದು ಪೊಟ್ಟಣ ತಂದು ಮುಂದಿಟ್ಟರು. ಮಠಕ್ಕೆ ಹೋದಾಗ ತಂದು ಎತ್ತಿಟ್ಟಿದ್ದ ರೇಷ್ಮೆಯ ಶಿವದಾರ.

"ನಿನ್ನ ಹಳೇ ದಾರದ ಮುಖ ನೋಡು. ಬೆವರು ಕುಡಿದು ಹಗ್ಗ ಆಗಿದೆ. ನಾಳೆ ಒಳ್ಳೆ ಕೆಲಸಕ್ಕೆ ಹೋಗ್ತೀಯ. ಶಿವನ್ನ ಹೀಗೆ ಕರ್ಕೊಂಡು ಹೋಗ್ತೀಯಾ?"

ನನಗೆ ಎಷ್ಟು ಸಂತೋಷವಾಯಿತೆಂದರೆ, ಬೇರೆ ಏನೂ ಯೋಚಿಸಲಿಲ್ಲ. ಅವರು ಅದನ್ನು ಒಳ್ಳೆ ಕೆಲಸ ಎಂದದ್ದು ಅದೇ ಮೊದಲು. ಬೆಳಿಗ್ಗೆ ಪೂಜೆ ಮುಗಿಸಿ, ಹತ್ತಿಯ ಹಳೆಯ ದಾರ ಬಿಚ್ಚಿ, ರೇಷ್ಮೆಯ ದಾರದಲ್ಲಿ ಕಟ್ಟಿಕೊಂಡೆ. ಬೆನ್ನಿನ ಗಂಟನ್ನು ಅತ್ತೆಯೇ ಹಾಕಿದರು. ಕೆಂಪು ದಾರ, ಎಷ್ಟು ನುಣುಪಾಗಿತ್ತು. ಒಳ್ಳೆಯ ದಿನಕ್ಕೆ ಒಳ್ಳೆಯದನ್ನು ಉಡಬೇಕು ಎಂಬುದಷ್ಟೇ ನಮ್ಮಿಬ್ಬರ ತಲೆಯಲ್ಲಿದ್ದದ್ದು. ರೇಷ್ಮೆಯ ಗಂಟು ಬೆವರಿಗೆ ನಿಲ್ಲುವುದಿಲ್ಲ ಎಂದು ನಾನಾಗಲಿ ಅವರಾಗಲಿ ನೆನೆಸಲಿಲ್ಲ.

ಪೂಮ್ಸೆ ಚೆನ್ನಾಗಿ ಆಯಿತು. ಆಮೇಲೆ ಹಲಗೆ ಮುರಿಯುವುದು. ಮೊದಲ ಒದೆಗೆ ಹಲಗೆ ಬಗ್ಗಿ ಹಾಗೇ ನಿಂತಿತು, ಹಿಮ್ಮಡಿಯಿಂದ ಮಂಡಿಯವರೆಗೂ ಜುಮ್ಮೆಂದಿತು. ಎರಡನೆಯದಕ್ಕೆ ಮುರಿಯಿತು. ಶಿವನೇ ಎಂದುಕೊಂಡೆ. ಅತ್ತೆಯ ಕಡೆ ನೋಡಿದೆ. ಅವರ ತುಟಿ ಅಲುಗುತ್ತಿತ್ತು. ಇನ್ನು ಉಳಿದದ್ದು ಸ್ಪಾರಿಂಗ್ ಒಂದೇ.

ನನ್ನ ಎದುರಾಳಿ ಉದ್ದನೆಯ ಹುಡುಗಿ. ಹುಬ್ಬಳ್ಳಿ ಕಡೆಯವಳು, ಬಿ.ಟಿ.ಎಂ.ನಲ್ಲಿ ರೂಮು ಮಾಡಿಕೊಂಡು ಎಂಜಿನಿಯರಿಂಗ್ ಓದುತ್ತಿದ್ದಳು. ಗಾರ್ಡ್ ಕಟ್ಟಿಸಿಕೊಳ್ಳುವಾಗ ನನ್ನ ಹತ್ತಿರ ಬಂದು, "ಆಂಟಿ, ಹೆದರಬ್ಯಾಡ್ರಿ, ನಾನೂ ಹೆದರೀನಿ," ಎಂದಳು. ಚೆಸ್ಟ್ ಗಾರ್ಡ್‌ನ ದಾರಗಳು ಬೆನ್ನಿನ ಹಿಂದೆ ಇರುತ್ತವೆ. ನಮ್ಮದನ್ನು ನಾವೇ ಕಟ್ಟಿಕೊಳ್ಳಲಾಗದು, ಬಿಚ್ಚಲೂ ಆಗದು. ನನ್ನದನ್ನು ಮಾಸ್ಟರ್ ಉಸಿರು ಕಟ್ಟುವಷ್ಟು ಎಳೆದು ಬಿಗಿದರು.

"ಶಿಜಾಕ್!" ಎಂದರು ಪರೀಕ್ಷಕರು. ಶುರು ಎಂದು ಅರ್ಥ.

ಮೊದಲ ಸುತ್ತಿನಲ್ಲಿ ಅವಳ ಕಾಲು ಎಲ್ಲಿಂದ ಬರುತ್ತದೆಂದು ಹುಡುಕುವುದರಲ್ಲೇ ನನ್ನ ಉಸಿರು ಖಾಲಿಯಾಯಿತು. ಆದರೂ ಅವಳು ಕಾಲು ಇಳಿಸುವ ಹೊತ್ತಿಗೆ ಸರಿಯಾಗಿ ಎರಡು ಸಲ ಹೊಟ್ಟೆಗೆ ಒದ್ದೆ. ಸುತ್ತು ಮುಗಿದಾಗ ಮಾಸ್ಟರ್ ನೀರು ಕೊಟ್ಟು, "ಅಕ್ಕ, ಸಮಸಮ ಇದೆ. ಇದೊಂದು ಸುತ್ತು ನಿಂತ್ಕೊಳ್ಳಿ ಸಾಕು. ಗೆಲ್ಲೋದೂ ಬೇಡ, ನಿಂತ್ಕೊಳ್ಳಿ," ಎಂದರು. ಬೆವರು ಹೆಲ್ಮೆಟ್ಟಿನೊಳಗಿಂದ ಇಳಿದು ಕಣ್ಣು ಉರಿಯುತ್ತಿತ್ತು. ಬೆನ್ನೆಲ್ಲ ಒದ್ದೆ.

ಎರಡನೇ ಸುತ್ತಿನ ನಡುವೆ ಅವಳ ಒದೆಯನ್ನು ತಪ್ಪಿಸಿಕೊಳ್ಳಲು ಬಲಕ್ಕೆ ಹಾರಿದೆ. ಕಾಲು ನೆಲಕ್ಕೆ ಬಿದ್ದ ಕೂಡಲೇ ಬೆನ್ನಿನ ಮೇಲೆ ಏನೋ ಸಡಿಲವಾದದ್ದು ತಿಳಿಯಿತು. ನೋವಲ್ಲ, ಸದ್ದೂ ಅಲ್ಲ. ಭುಜದ ಮೇಲೆ ಯಾವಾಗಲೂ ಇರುವ ಆ ಸಣ್ಣ ಎಳೆತ ಇಲ್ಲವಾಯಿತು. ಮರುಕ್ಷಣವೇ ಕಂಕುಳಿಂದ ಲಿಂಗ ಜಾರಿತು.

ಎಡ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದೆ. ಗಾರ್ಡ್‌ನ ಒಳಗೆ, ಬನಿಯನ್‌ನ ಒಳಗೆ, ಪಕ್ಕೆಲುಬಿನ ಮೇಲೆ ಅದು ನಿಂತಿತು. ಕೈ ಸಡಿಲಿಸಿದರೆ ಇನ್ನೂ ಇಳಿಯುತ್ತದೆ. ಅದರ ಕೆಳಗಿರುವುದು ಸೊಂಟದ ಬೆಲ್ಟು, ಹೊಕ್ಕುಳು. ಅದನ್ನೂ ದಾಟಿದರೆ ಪ್ಯಾಂಟಿನ ಕಾಲಿನಿಂದ ನೇರವಾಗಿ ಮ್ಯಾಟಿಗೆ, ನಮ್ಮಿಬ್ಬರ ಕಾಲ ಕೆಳಗೆ.

ನಿಲ್ಲಿಸಬೇಕು ಎಂದು ಒಂದು ಮನಸ್ಸು ಹೇಳಿತು. ಇನ್ನೇನು ಅರ್ಧ ನಿಮಿಷ, ಮೊಣಕೈ ಬಿಗಿ ಹಿಡಿದರೆ ಆಯಿತು ಎಂದು ಇನ್ನೊಂದು. ಆ ಎರಡನೆಯ ಮನಸ್ಸಿನ ಮಾತು ಕೇಳಿಕೊಂಡು ಸ್ವಲ್ಪ ಹೊತ್ತು ಆಡಿದೆ. ಬಲಗೈಯಿಂದಲೇ ತಡೆದೆ, ಹಿಂದೆ ಹಿಂದೆ ಸರಿದೆ. ಹುಡುಗಿ ಜಾಣೆ. ನನ್ನ ಎಡಗೈ ಅಲುಗುತ್ತಿಲ್ಲ ಎಂಬುದನ್ನು ಕಂಡಳು. ತೋಳಿಗೆ ಏನೋ ಆಗಿದೆಯೆಂದು ತಿಳಿದಿರಬೇಕು, ಅವಳ ಒದೆಗಳೆಲ್ಲ ಅತ್ತಲಿಂದಲೇ ಬರತೊಡಗಿದವು. ಮೊದಲನೆಯದು ಮೊಣಕೈ ಮೇಲೆ ಬಿತ್ತು. ತೋಳು ಭುಜದವರೆಗೂ ಮರಗಟ್ಟಿತು. ಎರಡನೆಯದು ತೋಳಿನ ಮೇಲ್ಭಾಗಕ್ಕೆ. ಕೈಗೆ ಬಲವೇ ಇಲ್ಲ. ಒತ್ತಿ ಹಿಡಿದಿದ್ದೇನೋ ಇಲ್ಲವೋ ಎಂಬುದೇ ನನಗೆ ತಿಳಿಯಲಿಲ್ಲ. ಲಿಂಗ ಇನ್ನೂ ಒಂದು ಬೆರಳಷ್ಟು ಕೆಳಗೆ ಇಳಿಯಿತು.

ಮುಂದಿನ ಒದೆ ತೋಳಿನ ಕೆಳಗೆ ಬೀಳುತ್ತದೆ. ಅವಳ ಸೊಂಟ ತಿರುಗುವುದು ಕಾಣುತ್ತಿತ್ತು.

ನಾನು ಬಲಗೈ ಮೇಲೆತ್ತಿದೆ. "ನಿಲ್ಸಿ ಸಾರ್!"

"ಕಲ್ಯೊ!" ನಿಲ್ಲಿ ಎಂದು ಪರೀಕ್ಷಕರು ನಡುವೆ ಕೈ ಚಾಚಿದರು. ಅವಳ ಕಾಲು ಗಾಳಿಯಲ್ಲೇ ನಿಂತು ಇಳಿಯಿತು.

"ಏನಾಯ್ತು? ಪೆಟ್ಟಾಯ್ತಾ?"

"ಇಲ್ಲ ಸಾರ್. ಜರುಗಿದೆ."

ಅವರು ಹತ್ತಿರ ಬಂದರು. ದನಿ ತಗ್ಗಿಸಿ, "ಮೇಡಂ, ನಿಲ್ಸಿದ್ರೆ ಮುಗೀತು. ಬೆಳಿಗ್ಗೆ ಹೇಳಿದೀನಿ. ಇನ್ನು ಸ್ವಲ್ಪವೇ ಇರೋದು," ಎಂದರು.

"ಗೊತ್ತು ಸಾರ್. ನಿಲ್ಸಿ."

ಅವರು ಮೇಜಿನ ಕಡೆ ತಿರುಗಿ ಕೈಯಾಡಿಸಿದರು. ಮಾಸ್ಟರ್ ತಲೆ ತಗ್ಗಿಸಿದರು. ನನಗೆ ಅಳು ಬರಲಿಲ್ಲ, ಅದಕ್ಕೂ ಪುರುಸೊತ್ತಿರಲಿಲ್ಲ. ಇನ್ನೂ ಅದು ಮೈಮೇಲಿದೆಯೇ ಎಂಬುದೊಂದೇ. ಎಡಗೈಯನ್ನು ಬಲಗೈಯಿಂದ ಪಕ್ಕೆಗೆ ಅದುಮಿಕೊಂಡು, ಮೆಲ್ಲಗೆ ಹೆಜ್ಜೆ ಇಡುತ್ತಾ ಬಟ್ಟೆ ಬದಲಿಸುವ ಕೋಣೆಯ ಕಡೆ ನಡೆದೆ. ಹಿಂದೆಯೇ ಹುಡುಗಿ ಓಡಿ ಬಂದಳು.

"ಆಂಟಿ, ಭಾಳ ಜೋರ ಬಡಿದ್ನೇನ್ರಿ? ಕೈ ಮುರೀತೇನ್ರಿ?"

"ಇಲ್ಲಮ್ಮ. ಗಾರ್ಡ್ ಬಿಚ್ಚು. ಮೆಲ್ಲಗೆ. ಒಳಗೆ ಲಿಂಗ ಇದೆ, ಜಾರಿದೆ."

ಅವಳ ಕೈ ಗಕ್ಕನೆ ನಿಂತಿತು. "ಅಯ್ಯ ಶಿವನ! ನಮ್ಮ ಅವ್ವನೂ ಕಟ್ಕೊಂತಾಳ್ರಿ. ಮೊದಲ ಹೇಳಬಾರದೇನ್ರಿ, ನಾ ಆ ಕಡೆ ಹೊಡೀತಿದ್ದಿಲ್ಲ."

"ಅದಕ್ಕೇ ಹೇಳಲಿಲ್ಲ."

ಅವಳು ಬೆನ್ನಿನ ಗಂಟುಗಳನ್ನು ಒಂದೊಂದಾಗಿ ಬಿಚ್ಚಿದಳು. ಅಷ್ಟರಲ್ಲಿ ಅತ್ತೆ ಬಂದರು. ಚೀಲ ಕುರ್ಚಿಯಲ್ಲೇ ಬಿಟ್ಟು ಬಂದಿದ್ದರು. ಏನೂ ಕೇಳದೆ ನನ್ನ ಮುಂದೆ ಬಗ್ಗಿ, ಸೆರಗನ್ನು ನನ್ನ ಸೊಂಟದ ಕೆಳಗೆ ಎರಡೂ ಕೈಯಿಂದ ಒಡ್ಡಿ ಹಿಡಿದರು, ಬಿದ್ದರೆ ಅದರಲ್ಲಿ ಬೀಳಲಿ ಎಂದು. ಗಾರ್ಡ್ ಕಳಚಿತು. ನಾನು ಕೊರಳ ಪಟ್ಟಿಯಿಂದ ಬಲಗೈ ಇಳಿಸಿ ಹುಡುಕಿದೆ. ಒದ್ದೆ ಬಟ್ಟೆ ಸಿಕ್ಕಿತು. ಪಕ್ಕೆಲುಬಿನ ಕೊನೆಯ ಎಲುಬಿನ ಹತ್ತಿರ, ಹೊಕ್ಕುಳಿಗಿಂತ ಮೇಲೆ. ಸೆರಗಿಗೆ ಬೀಳಲಿಲ್ಲ. ನನ್ನ ಕೈಗೇ ಬಂತು.

"ಬಿಚ್ಚು," ಎಂದರು ಅತ್ತೆ.

ಹುಡುಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಬಟ್ಟೆಯ ಮಡಿಕೆಗಳನ್ನು ಒಂದೊಂದಾಗಿ ಬಿಡಿಸಿದೆ. ಕೊನೆಯ ಮಡಿಕೆ ಬಿಡಿಸುವ ಮುಂಚೆ ಕಣ್ಣು ಮುಚ್ಚಿಕೊಂಡೆ. ತೆರೆದದ್ದು ಅತ್ತೆಯ ಉಸಿರು ಕೇಳಿ. ಅವರು ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. ಕಪ್ಪಗೆ, ನುಣ್ಣಗೆ, ಒಂದು ಗೆರೆಯೂ ಇಲ್ಲದೆ ಅಂಗೈಯಲ್ಲಿ ಕೂತಿತ್ತು.

ಬಾಟಲಿಯ ನೀರಿನಿಂದ ತೊಳೆದೆ. ಎಡ ಅಂಗೈಯಲ್ಲಿಟ್ಟು ಒಂದು ನಿಮಿಷ ಪೂಜೆ ಮಾಡಬೇಕೆಂದರೆ ಪೆಟ್ಟು ತಿಂದ ಆ ಕೈ ಮೇಲೇಳುತ್ತಲೇ ಇಲ್ಲ. ಅತ್ತೆ ತಮ್ಮ ಅಂಗೈಯನ್ನು ನನ್ನ ಕೈ ಅಡಿಗೆ ಕೊಟ್ಟು ಹಿಡಿದರು. ಅವರ ಮುಂಗೈಯಲ್ಲಿ ನನ್ನ ತಾಳಿ ಹಾಗೇ ಸುತ್ತಿಕೊಂಡಿತ್ತು. ಇಬ್ಬರೂ ಹಾಗೇ ನಿಂತೆವು.

ಆಮೇಲೆ ಅವರ ಕಣ್ಣು ನೆಲದ ಮೇಲೆ ಬಿದ್ದಿದ್ದ ದಾರದ ಕಡೆ ಹೋಯಿತು. ಗಂಟು ಹಾಕಿದ್ದ ತುದಿಗಳು ನೆಟ್ಟಗಿದ್ದವು. ಅವರು ಅದನ್ನು ಎತ್ತಿ ಬೆರಳಲ್ಲಿ ಉಜ್ಜಿ ನೋಡಿದರು.

"ರೇಷ್ಮೆ," ಎಂದರು. "ನಾನು ಹಾಕಿದ ಗಂಟು."

"ನಾನು ತಾನೆ ಕಟ್ಕೊಂಡಿದ್ದು ಅತ್ತೆ."

"ಸುಮ್ನಿರು. ನಾನು ಹೋಗಿ ಆ ಪರೀಕ್ಷೆ ಮೇಷ್ಟ್ರಿಗೆ ಹೇಳ್ತೀನಿ. ತಪ್ಪು ಮಾಡಿದ್ದು ಮುದುಕಿ, ಅವಳಿಗೆ ಇನ್ನೊಂದು ಸಲ ಕೊಡಿ ಅಂತ. ವಯಸ್ಸಾದೋರ ಮಾತು ತೆಗೆದುಹಾಕ್ತಾರಾ?"

"ಬೇಡ ಅತ್ತೆ. ಬೆಳಿಗ್ಗೆ ಒಪ್ಪಿಗೆ ಅಂದಿದೀನಿ. ಲಿಂಗಕ್ಕೋಸ್ಕರ ಒಂದು ಸಲ ನಿಯಮ ಬಿಟ್ಕೊಟ್ಟಿದಾರೆ. ಅದೇ ಲಿಂಗದ ಹೆಸರು ಹೇಳಿ ಇನ್ನೊಂದು ಸಲ ಕೇಳೋದಾ?"

ಅವರು ದಾರವನ್ನು ಸೆರಗಿನಿಂದ ಒರೆಸಿದರು. ಲಿಂಗವನ್ನು ಒಣ ಕರವಸ್ತ್ರದಲ್ಲಿ ಸುತ್ತಿ, ಅದೇ ದಾರದಲ್ಲಿ ನನ್ನ ಕೊರಳಿಗೇ ಕಟ್ಟಿದರು, ಗಂಟಿನ ಮೇಲೆ ಗಂಟು ಹಾಕಿ. ಇನ್ನು ಒದೆ ಬೀಳುವುದಿರಲಿಲ್ಲ, ಕೊರಳಲ್ಲೇ ಇರಬಹುದಿತ್ತು.

ಮಾಸ್ಟರ್ ಬಾಗಿಲ ಹೊರಗಿಂದ ಕೇಳಿದರು, "ಅಕ್ಕ, ಕೊನೆ ಸಾಲು ನಿಲ್ತಿದೆ. ನೀವು ಬರದಿದ್ರೂ ಪರವಾಗಿಲ್ಲ."

"ಬರ್ತೀನಿ ಸಾರ್."

ಸಾಲಿನ ತುದಿಯಲ್ಲಿ ನಿಂತೆ. ಪಾಸಾದವರ ಹೆಸರು ಕರೆದರು. ಹುಬ್ಬಳ್ಳಿಯ ಹುಡುಗಿಯ ಹೆಸರು ಬಂದಾಗ ಅವಳು ಮುಂದೆ ಹೋಗುವ ಮುನ್ನ ನನ್ನ ಕಡೆ ತಿರುಗಿ ನೋಡಿದಳು. ಹೋಗು ಎಂದು ಕಣ್ಣಲ್ಲೇ ಹೇಳಿದೆ. ನನ್ನ ಹೆಸರು ಬರುವುದಿಲ್ಲವೆಂದು 'ನಿಲ್ಸಿ' ಎಂದ ಗಳಿಗೆಯಿಂದ ಗೊತ್ತಿತ್ತು. ಆದರೂ ಕೊನೆಯ ಹೆಸರು ಮುಗಿಯುವವರೆಗೆ ಕಿವಿ ಕಾಯಿತು. ಎಲ್ಲರ ಜೊತೆ ತಲೆಬಾಗಿ ನಮಸ್ಕಾರ ಮಾಡಿದೆ. ಹೊರಡುವಾಗ ಪರೀಕ್ಷಕರು ಹತ್ತಿರ ಬಂದು, "ಪೂಮ್ಸೆ, ಹಲಗೆ ಎರಡೂ ಪಾಸ್. ಮುಂದಿನ ಸಲ ಸ್ಪಾರಿಂಗ್ ಒಂದೇ ಕೊಟ್ರೆ ಸಾಕು," ಎಂದಷ್ಟೇ ಹೇಳಿದರು.

ಆಟೋದಲ್ಲಿ ಅತ್ತೆ ತಾಳಿಯನ್ನು ಮುಂಗೈಯಿಂದ ಬಿಚ್ಚಿ ನನ್ನ ಕೊರಳಿಗೆ ಹಾಕಿದರು. ಆಮೇಲೆ ತುಂಬಾ ಹೊತ್ತು ಹೊರಗೆ ನೋಡುತ್ತಾ ಕೂತರು. ಲಿಂಗಕ್ಕೆ ಏನೂ ಆಗಿಲ್ಲ ನಿಜ, ಆದರೆ ಜಾರಿದ್ದಂತೂ ಹೌದು. ಜಾರಿದ್ದು ಅವರ ಲೆಕ್ಕದಲ್ಲಿ ಆದದ್ದೋ, ಆಗದಿದ್ದದ್ದೋ? ಕೇಳುವ ಧೈರ್ಯವಿರಲಿಲ್ಲ. ಬನಶಂಕರಿಯ ಸಿಗ್ನಲ್ಲಿನಲ್ಲಿ ಆಟೋ ನಿಂತಿತು.

"ಮುಂದಿನ ಸಲ ಯಾವಾಗ?" ಎಂದರು ಅತ್ತೆ.

"ಆರು ತಿಂಗಳು ಆಗುತ್ತೆ ಅತ್ತೆ."

"ಆ ಎಡಗೈ ಕೆಳಗೆ ಇಳಿಸ್ತೀಯ ನೀನು."

"ಅದು ಲಿಂಗ ಹಿಡ್ಕೊಳ್ಳೋಕೆ..."

"ನನಗೇನು ಕಣ್ಣು ಕಾಣಲ್ವಾ? ಅದಕ್ಕೆ ಮುಂಚೆ. ಮೊದಲ್ನೇ ಸುತ್ತಲ್ಲೇ. ಒದ್ದಾದ್ಮೇಲೆ ಕೈ ಕೆಳಗೆ ಬಿಡ್ತೀಯ, ಆ ಹುಡುಗಿ ಅದನ್ನೇ ಕಾಯ್ತಿದ್ಲು. ನನ್ನಂಥ ಮುದುಕಿಗೆ ಕಂಡಿದ್ದು ಆ ಹುಡುಗಿಗೆ ಕಾಣಲ್ವಾ? ಮೇಲೆ ಎತ್ತಿ ಹಿಡ್ಕೊ."

ಆಟೋದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ. ನಾನು ಎಡಗೈ ಎತ್ತಿ ನೋಡಿದೆ. ಮೊಣಕೈ ಊದಿತ್ತು. ಭುಜದ ಮಟ್ಟಕ್ಕೆ ಬಂತು, ಅದರ ಮೇಲೆ ಏರಲಿಲ್ಲ. ಶಿವ ಅಷ್ಟು ಉಳಿಸಿದ್ದ. ಉಳಿದದ್ದಕ್ಕೆ ಮನೆಗೆ ಹೋಗಿ ಎಣ್ಣೆ ಕಾಯಿಸಿ ಹಚ್ಚುತ್ತೇನೆಂದು ಅತ್ತೆ ಹೇಳಿದರು.